ಕೊಡಲಿ ಮನುಷ್ಯನ ಬಲಗೈ

ಕನ್ನಡಕವನ್ನು ಕುರ್ಚಿಯ ಮೇಲೆ ಇಡಬೇಡಿ ಎಂದು ಹೆಂಡತಿ ಹನ್ನೆರಡು ವರ್ಷಗಳಿಂದ ಹೇಳುತ್ತಲೇ ಇದ್ದಳು. ಆ ದಿನ ಬೆಳಿಗ್ಗೆ ಅದರ ಮೇಲೆ ಕೂತವಳೂ ಅವಳೇ. ಒಂದು ಕಡ್ಡಿ ಮುರಿಯಿತು, ಒಂದು ಗಾಜು ಕಳಚಿಕೊಂಡು ಮಂಚದ ಕೆಳಗೆ ಸೇರಿತು.

"ಹನ್ನೊಂದಕ್ಕೆ ಹೊಸ ಸಿನಿಮಾ ಕಣೇ. ಹ್ಯಾಗೆ ಓಡಿಸ್ಲಿ?" ಎಂದ ಥಿಯೇಟರಿನ ಆಪರೇಟರ್.

"ಇಪ್ಪತ್ತು ವರ್ಷದಿಂದ ಅದೇ ಗುಂಡಿ ಒತ್ತಾ ಇದೀರಿ, ಅದಕ್ಕೆ ಕಣ್ಣು ಬೇರೆ ಬೇಕಾ? ರಿಪೇರಿ ಮಾಡಿಸಿ ಮಧ್ಯಾಹ್ನ ತಂದ್ಕೊಡ್ತೀನಿ ಹೋಗಿ," ಎಂದಳು ಹೆಂಡತಿ. ಕೂತವಳು ತಾನಾದರೂ ಗದರಿದವಳೂ ತಾನೇ.

ಆಪರೇಟರ್ ಹೆದರಿದ್ದಕ್ಕೆ ಕಾರಣವಿತ್ತು. ಮಾಲೀಕರು ಅವನಿಗೆ ಆಗಲೇ ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ಒಮ್ಮೆ ಹತ್ತು ನಿಮಿಷ ಶಬ್ದವೇ ಇಲ್ಲದೆ ಸಿನಿಮಾ ಓಡಿಸಿದ್ದ, ಇನ್ನೊಮ್ಮೆ ಯಂತ್ರದ ಪಕ್ಕದಲ್ಲೇ ಗೊರಕೆ ಹೊಡೆದಿದ್ದ. ಮೂರನೆಯದಾದರೆ ಕೋಣೆಯ ಬೀಗದ ಕೈ ಕೊಟ್ಟು ಮನೆಗೆ ಹೋಗಬೇಕು ಎಂದು ಖಡಾಖಂಡಿತವಾಗಿ ಹೇಳಿದ್ದರು.

ಆ ದಿನದ ಸಿನಿಮಾ 'ಕೊಡಲಿ ಮನುಷ್ಯ', ಭಾಗ ಏಳು. ಹೊರದೇಶದಿಂದ ಬರುವ ಇಂಥ ಸಿನಿಮಾಗಳಿಗೆ ವಿರಾಮ ಎನ್ನುವುದೇ ಇರುವುದಿಲ್ಲ. ಆದರೆ ವಿರಾಮವಿಲ್ಲದಿದ್ದರೆ ಕ್ಯಾಂಟೀನು ನೊಣ ಹೊಡೆಯಬೇಕಾಗುತ್ತದೆ. ಹಾಗಾಗಿ ಪ್ರತಿ ಸಿನಿಮಾವನ್ನೂ ಆಪರೇಟರನೇ ನಡುವೆ ಕತ್ತರಿಸಿ, ಎರಡು ಅರ್ಧಗಳನ್ನು ಯಂತ್ರದಲ್ಲಿ ಬೇರೆ ಬೇರೆ ಇಡುತ್ತಿದ್ದ. ಹಿಂದಿನ ವಾರ ಹಳೆಯ ಆರೂ ಭಾಗಗಳನ್ನು ಓಡಿಸಿದ್ದರಿಂದ ಈಗ ಅದರಲ್ಲಿ ಹದಿನಾಲ್ಕು ಅರ್ಧಗಳಿದ್ದವು. ಯಂತ್ರದ ಪಟ್ಟಿಯಲ್ಲಿ ಹದಿನಾಲ್ಕರ ಪಕ್ಕದಲ್ಲೂ ಒಂದೇ ಚಿತ್ರ: ಅದೇ ಮುಖವಾಡ, ಅದೇ ಕೊಡಲಿ, ಅದೇ ರಕ್ತ. ಹೆಸರು ಚಿಕ್ಕ ಅಕ್ಷರದಲ್ಲಿತ್ತು. ಕನ್ನಡಕವಿಲ್ಲದ ಅವನಿಗೆ ಅದು ಇರುವೆ ಸಾಲಿನಂತೆ ಕಂಡಿತು.

ಮೊದಲರ್ಧವನ್ನು ಹಿಂದಿನ ರಾತ್ರಿಯೇ ಆರಿಸಿಟ್ಟಿದ್ದರಿಂದ ಅದು ಸುಸೂತ್ರವಾಗಿ ನಡೆಯಿತು. ನಾಯಕಿಯ ಅಕ್ಕ ಸತ್ತಳು. ನಾಯಕಿ ರೋಷದಿಂದ ಕೊಡಲಿ ಮನುಷ್ಯನ ಬಲಗೈಯನ್ನೇ ಕತ್ತರಿಸಿ, ಅವನನ್ನು ಬಾವಿಗೆ ತಳ್ಳಿದಳು. ವಿರಾಮ. ಆಪರೇಟರ್ ಯಂತ್ರಕ್ಕೆ ಮೂಗು ತಾಗಿಸಿ, ಅಂದಾಜಿನ ಮೇಲೆ ಒಂದು ಸಾಲು ಆರಿಸಿ, ಗುಂಡಿ ಒತ್ತಿದ.

ಬಾವಿಯಿಂದ ಒಂದು ಕೈ ಮೇಲೆ ಬಂತು. ಅದರ ಹಿಂದೆ ಇನ್ನೊಂದು ಕೈಯೂ ಬಂತು. ಮುಂದಿನ ದೃಶ್ಯದಲ್ಲಿ ಸತ್ತ ಅಕ್ಕ ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

ನಿಲ್ಲಿಸಿದರೆ ಗಲಾಟೆ, ನಿಲ್ಲಿಸದಿದ್ದರೂ ಗಲಾಟೆ. ಏನು ಮಾಡಬೇಕೆಂದು ತೋಚದೆ, ಆಪರೇಟರ್ ಕೆಳಗಿಳಿದು ಬಾಗಿಲ ಬಳಿ ನಿಂತಿದ್ದ ಗೇಟ್‌ಕೀಪರನ ಕಿವಿಯಲ್ಲಿ ಉಸುರಿದ: "ತಪ್ಪಾಗೋಯ್ತು ಮಾರಾಯ. ಎರಡನೇ ಅರ್ಧ ಬೇರೆ ಯಾವುದೋ ಭಾಗದ್ದು."

"ಸುಮ್ನಿರೋ, ನನಗೇನೂ ವ್ಯತ್ಯಾಸ ಕಾಣ್ತಿಲ್ಲ. ಜನ ನೋಡು, ಬಾಯಿ ಬಿಟ್ಕೊಂಡು ಕೂತಿದಾರೆ," ಎಂದ ಗೇಟ್‌ಕೀಪರ್.

"ಆ ಅಕ್ಕ ಸತ್ತಿದ್ಲಲ್ಲಪ್ಪ."

"ಹೋದ ವಾರಾನೂ ಯಾರೋ ಸತ್ತಿದ್ರು."

ಸಿನಿಮಾ ಮುಗಿಯಿತು. ಎಲ್ಲರಿಗಿಂತ ಮೊದಲು ಹೊರಗೆ ಬಂದವರು ವಿಮೆ ಏಜೆಂಟರು. ಅವರು ಒಂದು ಭಾಗವನ್ನೂ ಬಿಟ್ಟವರಲ್ಲ. ಇಂಥ ಸಿನಿಮಾ ನೋಡಿ ಹೊರಬರುವವರಿಗೆ ಪಾಲಿಸಿ ಮಾರುವುದು ಸುಲಭ ಎಂಬುದು ಅವರ ಅನುಭವ. ಆಪರೇಟರ್ ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತ.

"ಏನು ಸಿನಿಮಾ ಮಾಡಿದಾರೆ ರೀ," ಎಂದರು ಏಜೆಂಟರು. "ಕೊಡಲಿ ಮನುಷ್ಯಂಗೆ ಒಬ್ಬ ಅವಳಿ ತಮ್ಮ ಇದಾನೆ ಅಂತ ಬಾಯಲ್ಲಿ ಹೇಳೋದೇ ಇಲ್ಲ. ಎರಡು ಕೈ ತೋರಿಸಿ ನಮಗೇ ಅರ್ಥ ಮಾಡಿಸ್ತಾರೆ."

"ಮತ್ತೆ ಆ ಅಕ್ಕ?"

"ಅದು ಅಕ್ಕನ ಆತ್ಮ. ಅಷ್ಟೂ ತಿಳೀಲಿಲ್ವಾ ನಿಮಗೆ?"

"ಸಾರ್, ಅದು ಯಾವುದೋ ಹಳೇ ಭಾಗದ ಥರ ಕಾಣಲಿಲ್ವಾ? ಮೂರನೇದೋ, ಐದನೇದೋ?" ಆಪರೇಟರ್ ಕೇಳಿದ.

ಏಜೆಂಟರಿಗೆ ಅವಮಾನವಾಯಿತು. "ಆರೂ ಎರಡೆರಡು ಸಲ ನೋಡಿದೀನಿ ನಾನು. ಅವಕ್ಕೂ ಇದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ? ಇದು ಪೂರ್ತಿ ಹೊಸದು."

ಕ್ಯಾಂಟೀನಮ್ಮ ಬೇರೆ ಧ್ವನಿಗೂಡಿಸಿದಳು. "ಇವತ್ತು ಜನ ಚಹಾ ಆರಿಸ್ಕೊಂಡು ಮಾತಾಡ್ತಾ ಕೂತಿದಾರೆ ಕಣಪ್ಪ. ಎರಡು ಸಲ ಹಾಲು ತರಿಸ್ದೆ."

ತಪ್ಪು ತನ್ನದೋ ಸಿನಿಮಾದ್ದೋ ಎಂದು ಆಪರೇಟರನಿಗೇ ಅನುಮಾನ ಬಂತು. ಅಷ್ಟರಲ್ಲಿ ಹೆಂಡತಿ ಕನ್ನಡಕ ತಂದುಕೊಟ್ಟಳು. ಅದನ್ನು ಏರಿಸಿಕೊಂಡ ಮೇಲೆ ಪ್ರಾಣ ಬಂದಂತಾಯಿತು. ಆಗಿದ್ದು ಆಯಿತು, ಇನ್ನು ಯಾರಿಗೂ ಗೊತ್ತಾಗದಂತೆ ಸರಿಪಡಿಸಿಬಿಡೋಣ ಎಂದುಕೊಂಡು ಅವನು ಮೂರು ಗಂಟೆಯ ಆಟಕ್ಕೆ ಏಳನೆಯ ಭಾಗದ ಎರಡೂ ಅರ್ಧಗಳನ್ನು ಓದಿ, ಮತ್ತೊಮ್ಮೆ ಓದಿ, ಸರಿಯಾಗಿ ಹಾಕಿದ.

ಆ ಆಟಕ್ಕೆ ಏಜೆಂಟರು ತಮ್ಮ ಹನ್ನೆರಡು ಗಿರಾಕಿಗಳನ್ನು ಕರೆತಂದಿದ್ದರು. ಅವಳಿ ತಮ್ಮನ ಸುದ್ದಿ ಕೇಳಿ ಇನ್ನೂ ನೂರು ಜನ ಬಂದಿದ್ದರು. ವಿರಾಮದ ನಂತರ ಬಾವಿಯಿಂದ ಒಂದು ಕೈ ಮೇಲೆ ಬಂತು. ಎಲ್ಲರೂ ಇನ್ನೊಂದಕ್ಕಾಗಿ ಕಾದರು. ಅದು ಬರಲೇ ಇಲ್ಲ. ಅಕ್ಕನೂ ಬರಲಿಲ್ಲ. ಒಂಟಿ ಕೈಯವನು ಮುಕ್ಕಾಲು ಗಂಟೆ ಕುಂಟುತ್ತಾ ಓಡಾಡಿ ಕೊನೆಗೆ ಮತ್ತೆ ಅದೇ ಬಾವಿಗೆ ಬಿದ್ದ. ಕೈ ಹೋದವನು ಕುಂಟುವುದೇಕೆ ಎಂಬುದು ಯಾರಿಗೂ ತಿಳಿಯಲಿಲ್ಲ.

ಆಟ ಮುಗಿದಾಗ ಮಾಲೀಕರ ಕೋಣೆಯ ಮುಂದೆ ಜನ ಮುತ್ತಿದ್ದರು. "ಅವಳೀನ ಕತ್ತರಿಸಿ ಎಸೆದಿದಾರೆ. ನನ್ನ ಗಿರಾಕಿಗಳ ಮುಂದೆ ನನ್ನ ಮಾನ ಹೋಯ್ತು," ಎಂದು ಏಜೆಂಟರು ಕೂಗಾಡುತ್ತಿದ್ದರು.

ಮಾಲೀಕರು ಆಪರೇಟರನನ್ನು ಕರೆಸಿದರು. ಬಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ. "ಈಗ ತೋರಿಸಿದ್ದೇ ಸರಿಯಾದ್ದು ಸಾರ್. ಬೆಳಿಗ್ಗೆದು ತಪ್ಪು."

"ಇದು ಸರಿಯಾದ್ದಾ? ಇದಕ್ಕೆ ತಲೆ ಇದೆಯಾ, ಬುಡ ಇದೆಯಾ?" ಎಂದರು ಮಾಲೀಕರು. "ನೋಡು, ನಿನ್ನ ಕತೆ ನನಗೆ ಬೇಡ. ನಾಳೆಯಿಂದ ಬೆಳಿಗ್ಗೆದೇ ಓಡಬೇಕು. ಒಂದು ದೃಶ್ಯ ಆಚೀಚೆ ಆದರೂ ಅದೇ ನಿನ್ನ ಮೂರನೇ ತಪ್ಪು ಅಂತ ತಿಳ್ಕೊ."

ಕೆಲಸ ಉಳಿಯಿತೆಂದು ಆಪರೇಟರ್ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಕೊನೆಯ ಮೆಟ್ಟಿಲಲ್ಲಿ ಅವನ ಕಾಲು ನಿಂತಿತು. ಬೆಳಿಗ್ಗೆ ಮೂಗು ತಾಗಿಸಿ ಆರಿಸಿದ್ದು ಯಾವ ಸಾಲು? ಅವನಿಗೆ ಗೊತ್ತಿರಲಿಲ್ಲ, ಯಂತ್ರವೂ ಬರೆದಿಟ್ಟುಕೊಂಡಿರಲಿಲ್ಲ.

ಬಾಗಿಲು ಹಾಕಿಕೊಂಡು, ಹಳೆಯ ಆರು ಭಾಗಗಳ ಎರಡನೆಯ ಅರ್ಧಗಳನ್ನು ಒಂದೊಂದಾಗಿ ಹಾಕಿ ನೋಡಿದ. ಮೊದಲನೆಯದರಲ್ಲಿ ಬಾವಿಯಿಂದ ಒಂದು ಕೈ ಬಂತು, ಇನ್ನೊಂದು ಕೈ ಬಂತು, ಅಕ್ಕ ತಲೆ ಬಾಚಿಕೊಂಡಳು. ಎರಡನೆಯದರಲ್ಲೂ ಒಂದು ಕೈ, ಇನ್ನೊಂದು ಕೈ, ಅಕ್ಕ, ಬಾಚಣಿಗೆ. ಆರನೆಯದೂ ಹಾಗೆಯೇ ಮುಗಿದ ಮೇಲೆ ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಚೆನ್ನಾಗಿ ಒರೆಸಿ ಹಾಕಿಕೊಂಡು, ಮತ್ತೆ ಮೊದಲನೆಯದನ್ನು ಹಾಕಿದ. ಈಗ ಎಲ್ಲವೂ ಬಹಳ ಸ್ಪಷ್ಟವಾಗಿ ಒಂದೇ ಥರ ಕಾಣುತ್ತಿತ್ತು.