ಹುಡುಗರಿಗೆ ಮಾತ್ರ, ಪ್ರವೇಶ ಉಚಿತ

ಬೇಕರಿಯವನ ಪೇಚಾಟಕ್ಕೆಲ್ಲ ಮೂಲ, ಮುಚ್ಚಿದ ಬಾಗಿಲಿನಾಚೆಯಿಂದ ಬಂದ ಮಗಳ ಒಂದು 'ಹೂಂ'.

ಮಗಳು ಏಳುವ ಮೊದಲೇ ಅವನು ಒಲೆಯ ಮುಂದಿರುತ್ತಿದ್ದ. ಅವಳು ಕಾಲೇಜಿನಿಂದ ಬರುವ ಹೊತ್ತಿಗೆ ಗೊರಕೆಯಲ್ಲಿರುತ್ತಿದ್ದ. ಒಂದೇ ಸೂರಿನಡಿ ಸೂರ್ಯಚಂದ್ರರ ಬಾಳ್ವೆ. ರಜೆಯೆಂದರೆ ಭಾನುವಾರ ಒಂದೇ. ಅವತ್ತು ಅವಳು ಕೋಣೆಯಿಂದಲೇ ಹೊರಬರುತ್ತಿರಲಿಲ್ಲ. ಹಿಂದೆ ಅವನ ಮಡಿಲಲ್ಲಿ ಕೂತು ಹಿಟ್ಟಿನಲ್ಲಿ ಇಲಿ, ಆಮೆ ಮಾಡಿಸಿಕೊಳ್ಳುತ್ತಿದ್ದ ಕೂಸು!

"ಈ ಭಾನುವಾರ ನಮ್ಮ ಬೀದಿ ಸಮುದಾಯ ಭವನದಲ್ಲಿ ನಿಮ್ಮ ವಯಸ್ಸಿನೋರಿಗೆ ಅಂತ ಏನಾದ್ರೂ ಇಟ್ಕೊಂಡ್ರೆ ಬರ್ತೀಯೇನಮ್ಮಾ?"

"ಹೂಂ."

ಸಾಕಾಯಿತು. ಯೀಸ್ಟ್ ಬಿದ್ದ ಹಿಟ್ಟಿನ ಹಾಗೆ ಉಬ್ಬಿಹೋದ. ಕೇರಂ ಬೋರ್ಡುಗಳು ಬಂದವು, ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರ್ ಬಂತು, ಒಲೆ ತುಂಬ ಬನ್ನು ಬೆಂದಿತು. ಮಗಳ ಜೊತೆ ಒಂದು ಆಟವಾದರೂ ಆಡಬೇಕು, ಬೇಕಾದರೆ ಸೋಲಬೇಕು. ಅಷ್ಟೇ ಅವನ ಆಸೆ.

ಆದರೆ ಆ ಬೀದಿಯವರಿಗೊಂದು ಪದ್ಧತಿಯಿತ್ತು. ಮಕ್ಕಳು ಎಲ್ಲಿಗೇ ಹೋಗುವುದಿದ್ದರೂ ದೊಡ್ಡವರು ಮೊದಲು ಹೋಗಿ ನೋಡಿಬರಬೇಕು. ಮಗನನ್ನು ಈಜಿಗೆ ಕಳಿಸುವ ಮುಂಚೆ ಅಪ್ಪ ಒಮ್ಮೆ ಮುಳುಗಿಬಂದ ಉದಾಹರಣೆಯೂ ಇತ್ತು.

ಭಾನುವಾರ ಸಂಜೆ ಮೊದಲು ಬಂದವರು ನಿವೃತ್ತ ಮೇಷ್ಟ್ರು.

"ಮೊಮ್ಮಗ ಎಲ್ಲಿ ಸಾರ್?"

"ಬರ್ತಾನಯ್ಯ. ಎಂಥೆಂಥಾ ಹುಡುಗ್ರು ಸೇರ್ತಾರೋ, ನಾನೊಂದು ಸಲ ನೋಡ್ಬೇಡ್ವೆ?"

ಹಿಂದೆಯೇ ಔಷಧಿ ಅಂಗಡಿಯಾಕೆ. "ನನ್ನ ಮಗಳನ್ನ ಖಂಡಿತ ಕಳಿಸ್ತೀನಿ ಅಣ್ಣಾ. ಬೇರೆಯೋರ ಮಕ್ಕಳು ಮೊದ್ಲು ಬರ್ಲಿ."

ಬೇರೆಯವರೂ ಬಂದರು, ಬೇರೆಯವರ ಮಕ್ಕಳಿಗೆ ಕಾಯುತ್ತಾ ಕೂತರು. ಭವನ ತುಂಬಿತು. ಹದಿಹರೆಯದ ನರಪಿಳ್ಳೆಯೂ ಇರಲಿಲ್ಲ.

ಕಾಯುವವರ ಕೈ ಸುಮ್ಮನಿರುತ್ತದೆಯೇ? ಮೇಷ್ಟ್ರು ಕೇರಂ ಬೋರ್ಡಿಗೆ ಪೌಡರ್ ಹಾಕಿದರು, ಅರ್ಧ ತಮ್ಮ ಮೀಸೆಗೇ ಬಿತ್ತು.

"ಕೆಂಪು ನಂದು!"

"ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಸಾರ್, ಅದು ಕಪ್ಪು!" ಎಂದರು ಔಷಧಿ ಅಂಗಡಿಯಾಕೆ.

"ಈ ತಗಡು ಬಡಿಯೋದನ್ನ ನಿಲ್ಸಿ, ನಮ್ಮ ಕಾಲದ ಹಾಡು ಹಾಕಯ್ಯ!" ಎಂದು ಮೂಲೆಯಿಂದ ದರ್ಜಿ ಕೂಗಿದ. ಹಾಡು ಬದಲಾಯಿತು. ಕುರ್ಚಿ ಆಟ ಶುರುವಾಯಿತು. ದರ್ಜಿಯೂ ಮೇಷ್ಟ್ರೂ ಒಂದೇ ಕುರ್ಚಿಗೆ ಒಟ್ಟಿಗೆ ಬಿದ್ದರು. ಕುರ್ಚಿ ನಾಲ್ಕೂ ಕಾಲು ಚೆಲ್ಲಿ ಶರಣಾಯಿತು.

ಬೇಕರಿಯವನು ಮಾತ್ರ ಬಾಗಿಲಲ್ಲಿ ನೆಟ್ಟ ಕಂಬ. ಹೆಂಡತಿ ಬನ್ನಿನ ತಟ್ಟೆ ಅವನ ಕೈಗಿಟ್ಟಳು. "ರೀ, ನೋಡಿ ನೋಡಿ ಕಣ್ಣು ಕೆಳಗೆ ಬಿದ್ದೀತು. ಹೋಗಿ ಕರ್ಕೊಂಡ್ಬನ್ನಿ ಅವಳನ್ನ."

ಬೀದಿಯಲ್ಲಿ ಮನೆಗಳೆಲ್ಲ ಕತ್ತಲು. ಒಂದೇ ಒಂದು ಮನೆ ಝಗಮಗ. ಅವನದೇ.

ಕಿಟಕಿಯಲ್ಲಿ ಇಣುಕಿದ. ಸೋಫಾ ಗೋಡೆಗೆ ಸರಿದಿತ್ತು. ಮೇಷ್ಟರ ಮೊಮ್ಮಗ, ಔಷಧಿ ಅಂಗಡಿಯಾಕೆಯ ಮಗಳು, ಬೀದಿಯ ಅಷ್ಟೂ ಮಕ್ಕಳು ಅಲ್ಲಿದ್ದರು. ನಡುವೆ ಅವನ ಮಗಳು ಸೊಂಟಕ್ಕೆ ಟವೆಲು ಸುತ್ತಿಕೊಂಡು, ತೂಕಡಿಸುತ್ತಾ ಹಿಟ್ಟು ನಾದುವ ಅಪ್ಪನನ್ನು ಅಭಿನಯಿಸುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಎಷ್ಟು ಸರಿಯಾಗಿ ಮಾಡುತ್ತಿದ್ದಾಳೆ! ಯಾವಾಗ ನೋಡಿದಳು ನನ್ನನ್ನು ಇಷ್ಟು ಹತ್ತಿರದಿಂದ?

ಅಷ್ಟರಲ್ಲಿ ಬಾಗಿಲು ತೆರೆಯಿತು.

"ಅಯ್ಯೋ ಅಪ್ಪಾ! ಅಲ್ಲಿ ಮುಗಿದೇಹೋಯ್ತಾ?"

"ಇಲ್ಲ ಇಲ್ಲ... ಕುರ್ಚಿ ಆಟ ನಡೀತಿದೆ."

ಮಗಳು ಓಡಿಬಂದು ಅವನ ಕೈ ಹಿಡಿದುಕೊಂಡಳು. "ಅಪ್ಪಾ, ನಿನ್ನಂಥೋರು ಯಾರೂ ಇಲ್ಲಪ್ಪಾ! ನಾವೆಲ್ಲ ಸೇರೋಕೆ ಜಾಗಾನೇ ಇರ್ಲಿಲ್ಲ, ಯಾರ ಮನೇಲಿ ನೋಡಿದ್ರೂ ದೊಡ್ಡೋರು. ನಮ್ಮನೇನೇ ಸರಿ ಅಂತ ಎಲ್ರೂ ಅಂದ್ರು. ಕಾರ್ಯಕ್ರಮ ಮಾಡೋನೇ ನೀನು, ಮುಗಿಯೋವರೆಗೂ ಬರಲ್ವಲ್ಲ! ಪ್ರತಿ ಭಾನುವಾರ ಮಾಡ್ತೀಯಾ ಅಪ್ಪಾ? ಪ್ಲೀಸ್..."

ಒಂದು ವರ್ಷದಲ್ಲಿ ಅವಳು ಆಡಿದ್ದಕ್ಕಿಂತ ಹೆಚ್ಚು ಮಾತು. ಇನ್ನೊಂದೇ ಮಾತಿಗೆ, 'ಬಾ ಒಳಗೆ' ಎನ್ನುವುದಕ್ಕೆ, ಅವನು ಕಾದ.

"ಅದು ಬನ್ನಾ? ಕೊಡಪ್ಪಾ!" ಎಂದು ತಟ್ಟೆ ಇಸಿದುಕೊಂಡಳು. ಬಾಗಿಲು ಮುಚ್ಚಿತು.

ಅವನು ಬರಿಗೈಯಲ್ಲಿ ಭವನಕ್ಕೆ ಮರಳಿದಾಗ ಮೇಷ್ಟ್ರು ಚಪ್ಪಲಿ ಹುಡುಕುತ್ತಿದ್ದರು. "ಹುಡುಗ್ರು ಬರೋ ಹಾಗೆ ಕಾಣಲ್ಲಯ್ಯ. ಮನೆಗೆ ಹೊರಡ್ತೀನಿ."

ಬೇಕರಿಯವನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ಕೂತ್ಕೊಳ್ಳಿ ಸಾರ್, ನನ್ನ ಜೊತೆ ಒಂದು ಆಟ ಆಡಿ. ಮುಂದಿನ ಭಾನುವಾರಾನೂ ಇಟ್ಕೊಂಡಿದೀನಿ. ಎಲ್ರೂ ಬರ್ಬೇಕು."