ಕಾಕಾನ ಒಂಟಿ ಡಂಬೆಲ್

ಅಂಗಡಿಗೆ ಹೋಗಿ "ಡಂಬೆಲ್ ಒಂದ ಕೊಡ್ರಿ, ಜೋಡಿ ಬ್ಯಾಡ" ಎಂದು ಕೇಳುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇರಬೇಕು. ಆ ಒಬ್ಬ ನನ್ನ ಕಾಕಾನೇ ಆಗಿರಬೇಕೆಂಬುದು ನನ್ನ ಹಣೆಬರಹ! ನೀವು ನಗುತ್ತೀರಿ. ನಗಿರಿ, ನಗಿರಿ. ಸುಡುಬಿಸಿಲಲ್ಲಿ ಆತನ ಹಿಂದೆ ಗಜೇಂದ್ರಗಡ, ರೋಣ, ನರಗುಂದ ಎಂದು ಮೂರೂರು ತಿರುಗಿದವಳು ನಾನು, ನೀವಲ್ಲವಲ್ಲ!

ಕಾಕಾ ಗಜೇಂದ್ರಗಡದ ನೇಕಾರ. ಬುದ್ಧಿ ಬಂದಾಗಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಪಟ್ಟೇದಂಚಿನ ಸೀರೆ ನೇಯ್ದವನು. ಮೈಯಲ್ಲಿ ಮಾಂಸ ಹೆಸರಿಗಷ್ಟೇ. ಧೋತರ ಉಟ್ಟು ನಿಂತರೆ ಗಳದ ಮೇಲೆ ಅರಿವೆ ಒಣಹಾಕಿದಂತೆ ಕಾಣುತ್ತಾನೆ. ಅರವತ್ತು ದಾಟಿದ ಮೇಲೆ ಇಂಥವನಿಗೆ ಮನೆಯಲ್ಲಿ ಜಿಮ್ ಮಾಡುವ ಹುಚ್ಚು ಹಿಡಿಯಿತು. ಪಕ್ಕದ ಮನೆಯಲ್ಲೇ ಇರುವ, ಹೈಸ್ಕೂಲಿನಲ್ಲಿ ಗಣಿತ ಹೇಳುವ, ಸ್ಕೂಟಿ ಇರುವ ಅಣ್ಣನ ಮಗಳು ನಾನು. ತಪ್ಪಿಸಿಕೊಳ್ಳಲು ದಾರಿ ಎಲ್ಲಿ?

ಈ ಹುಚ್ಚಿಗೆ ಕಾರಣ ಕಾಕಾನ ಹೆಂಡತಿ, ನನ್ನ ಕಾಕು. ಹೋದ ವರ್ಷ ಆಕೆಗೆ ಲಕ್ವಾ ಹೊಡೆದು ಮೈಯ ಒಂದು ಮಗ್ಗಲು ಸತ್ತುಹೋಯಿತು. ಇನ್ನು ನಡೆಯುವುದು ಆಗಲಿಕ್ಕಿಲ್ಲ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದರು. ದಿನವೂ ಸಂಜೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು, ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಮಾತಾಡಿಸುತ್ತಿದ್ದ ಹೆಂಗಸು ಆಕೆ. ಮೊದಮೊದಲು ಓಣಿಯ ಇಬ್ಬರು ಗಂಡಸರು ಹಿಡಿದೆತ್ತಿ ಕೂಡಿಸುತ್ತಿದ್ದರು. ನಾಲ್ಕು ದಿನಕ್ಕೆ ಆಕೆ ಒಲ್ಲೆ ಅಂದಳು. "ಮಂದಿ ಎತ್ತೂದು ಸತ್ತಾಗ. ಈಗ ಬ್ಯಾಡ. ನೀವೊಬ್ರ ಎತ್ತಿದ್ರ ಹೊರಗ ಬರ್ತೀನಿ, ಇಲ್ಲಾ ಇಲ್ಲೇ ಬಿದ್ದಿರ್ತೀನಿ" ಎಂದು ಗಂಡನಿಗೆ ಹೇಳಿಬಿಟ್ಟಳು.

ಕಾಕಾ ಎತ್ತಲು ಹೋದ. ಅರ್ಧ ಎತ್ತಿದ. ಎಡಗೈ ಸೋತು ಇಬ್ಬರೂ ಹಾಸಿಗೆಯ ಮೇಲೆ ಬಿದ್ದರು. ಕಾಕು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕಾಕಾ ಮಗ್ಗದ ದಂಡೆಯ ಮೇಲೆ ಬಹಳ ಹೊತ್ತು ಕೂತಿದ್ದ. ಆಮೇಲೆ ನನ್ನನ್ನು ಕೂಗಿದ.

"ಯವ್ವಾ, ವಜ್ಜಿ ಎತ್ತೂ ಸಾಮಾನು ಎಲ್ಲಿ ಸಿಗ್ತಾವ?"

ಭಾರ ಎತ್ತುವ ಸಾಮಾನು ಹುಡುಕಿ ನಮ್ಮೂರಿನಲ್ಲೇ ಇರುವ ಆಟದ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿಯೇ ಆ ಒಂಟಿ ಡಂಬೆಲ್ಲಿನ ಮಾತು ಬಂದದ್ದು.

"ಜೋಡೀನ ಬರ್ತಾವ್ರಿ ಯಜಮಾನ್ರ" ಎಂದ ಅಂಗಡಿಯವನು.

"ನನಗ ಎಡಗೈಗೆ ಅಷ್ಟ ಬೇಕು. ಬಲಗೈ ಲಾಳಿ ಹಗ್ಗಾ ಎಳದೆಳದು ಕಬ್ಬಿಣ ಆಗೇತಿ. ಮತ್ತ ಅದಕ್ಯಾಕ ಕಬ್ಬಿಣಾ?"

ಮಾತು ಖರೇ! ಮಗ್ಗದ ಲಾಳಿ ಓಡಿಸುವುದು ಬಲಗೈ. ಜೀವಮಾನವೆಲ್ಲ ಎಳೆದು ಎಳೆದು ಕಾಕಾನ ಬಲಗೈ ಪೈಲ್ವಾನನದು, ಎಡಗೈ ಬಾಣಂತಿಯದು. ಅಷ್ಟಕ್ಕೂ ಕಾಕುವಿನ ಮಂಚ ಗೋಡೆಗೆ ಹತ್ತಿದೆ. ಎತ್ತುವುದೇನಿದ್ದರೂ ಒಂದೇ ಕಡೆಯಿಂದ. ಹಾಗೆ ಎತ್ತಿದರೆ ಆಕೆಯ ತಲೆ, ಹೆಗಲು, ಮೈಯ ಮುಕ್ಕಾಲು ಭಾರ ಬೀಳುವುದು ಈ ಬಾಣಂತಿಯ ಮೇಲೆಯೇ. ನಾನು ಗಣಿತದವಳಲ್ಲವೇ? ಅಲ್ಲಿಯೇ ಲೆಕ್ಕ ಬಿಡಿಸಿದೆ.

"ಕಾಕಾ, ಡಂಬೆಲ್ ಯಾಕ ಬೇಕು? ಕಾಕೂನ ಆ ಕಡೆ ತಲಿ ಮಾಡಿ ಮಲಗಸು. ವಜ್ಜಿ ಬಲಗೈಗೆ ಬರ್ತೈತಿ."

ಕಾಕಾ ನನ್ನನ್ನು ಕೊಲೆಗಾತಿಯನ್ನು ನೋಡುವಂತೆ ನೋಡಿದ. "ಉತ್ತರಕ್ಕ ತಲಿ ಹಾಕಸ್ತೀ ಏನ? ಹೆಣಾ ಮಲಗಿಸಿಧಂಗ?"

ಅಂಗಡಿಯವನೂ ಲೊಚಗುಟ್ಟಿ "ಛೇ ಛೇ, ಹಂಗ ಮಾಡಬಾರದ್ರಿ ಅಕ್ಕಾರ" ಎಂದ. ಆದರೂ ಜೋಡಿ ಒಡೆದು ಒಂದನ್ನು ಕೊಡಲಿಲ್ಲ. ಉತ್ತರ ದಿಕ್ಕಿನ ಹೆದರಿಕೆ ಬೇರೆ, ವ್ಯಾಪಾರ ಬೇರೆ!

ಮುಂದಿನ ರವಿವಾರ ರೋಣಕ್ಕೆ ಬಸ್ಸು ಹತ್ತಿದೆವು. ಅಲ್ಲಿ ಒಬ್ಬರು ತಮ್ಮ ಜಿಮ್ ಮುಚ್ಚಿ ಹಳೆಯ ಸಾಮಾನು ಮಾರುತ್ತಿದ್ದರು. ಕಾಕಾ ಒಳಗೆ ಹೋದವನೇ ಸೊಂಟದಿಂದ ಒಂದು ನೂಲಿನ ಎಳೆ ತೆಗೆದು, ಉದ್ದನೆಯ ಕಬ್ಬಿಣದ ರಾಡಿನ ಆ ತುದಿಗೆ ಎಳೆಯನ್ನು ನನ್ನ ಕೈಯಲ್ಲಿ ಹಿಡಿಸಿ, ಈ ತುದಿಗೆ ತಾನು ಹಿಡಿದು ಬಿಗಿದ. ಒಂದು ಕಣ್ಣು ಮುಚ್ಚಿ ನೋಡಿದ.

"ನಡಕ ಜೋಲಿ ಬಿದ್ದೈತಿ. ಬ್ಯಾಡ."

"ಅಜ್ಜಾರ, ವಜ್ಜಿ ಎತ್ತಿ ಎತ್ತಿ ಒಂಚೂರು ಬಾಗೇತ್ರಿ, ಅಷ್ಟ."

"ಬಾಗಿದ್ದು ಮಗ್ಗಕ್ಕ ಬರೂದಿಲ್ಲ."

"ಮಗ್ಗಕ್ಕ ಯಾರು ಹಾಕ್ತಾರ್ರಿ ಇದನ್ನ!" ಎಂದು ಆ ಪುಣ್ಯಾತ್ಮ ತಲೆ ಹಿಡಿದುಕೊಂಡ. ಕಾಕಾ ಅಷ್ಟಕ್ಕೆ ಬಿಟ್ಟಾನೆಯೇ? ಭಾರ ಎತ್ತುವ ಬೆಂಚಿನ ಮೇಲೆ ಕೂತ. ಕಾಲು ಅತ್ತ ಆಡಿಸಿದ, ಇತ್ತ ಆಡಿಸಿದ, ಬಗ್ಗಿ ಕೆಳಗೆ ನೋಡಿದ. ಆಮೇಲೆ ಬಹಳ ಗಂಭೀರವಾಗಿ ಕೇಳಿದ: "ಕಾಲು ಇಳಿಬಿಡಾಕ ಕುಣಿ ಎಲ್ಲೈತಿ?"

ಕುಣಿ ಬೇಕಾದದ್ದು ನನಗೆ, ಇಳಿದು ಮಣ್ಣು ಮುಚ್ಚಿಸಿಕೊಳ್ಳಲು.

ಅಲ್ಲಿಂದ ನರಗುಂದ. ಗುಡ್ಡದ ಕೆಳಗಿನ ಪೇಟೆಯಲ್ಲಿ ಒಂದು ದೊಡ್ಡ ಅಂಗಡಿ. ಅಂಗಡಿಯವರು ಬಲು ಮರ್ಯಾದಸ್ಥರು. ಕಾಕಾನಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಒಂದೊಂದೇ ಸಾಮಾನು ತೋರಿಸಿದರು. ರಾಡು, ಅದರ ಎರಡು ಕಡೆಯ ತಟ್ಟೆಗಳು, ಸ್ಪ್ರಿಂಗು, ಹಗ್ಗ. ಕಾಕಾ ಎಲ್ಲವನ್ನೂ ಮುಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದ.

"ಇವಕ್ಕೆಲ್ಲಾ ಹಿಡಿಕಿ ಅದಾವಲ್ರಿ. ಹಿಡಿಕಿ ಇರದ್ದು ಇಲ್ಲೇನು?"

"ಹಿಡಿಕಿ ಇಲ್ಲದ ಹ್ಯಾಂಗ ಎತ್ತತೀರಿ ಯಜಮಾನ್ರ?"

"ಅದನ್ನ ಕಲಿಬೇಕಾಗೇತ್ರಿ. ಮನಷ್ಯಾರಿಗೆ ಹಿಡಿಕಿ ಇರೂದಿಲ್ಲಲ್ಲಾ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಕಾಕುವಿನ ವಿಷಯವೆಲ್ಲ ಹೇಳಿದೆ. ಅವರು ಎದ್ದು ಹೋಗಿ, ಅಂಗಡಿಯ ಬಾಗಿಲು ಗಾಳಿಗೆ ಬಡಿಯದಂತೆ ಆನಿಸಿ ಇಟ್ಟಿದ್ದ ತುಕ್ಕು ಹಿಡಿದ ಡಂಬೆಲ್ ಎತ್ತಿ ತಂದರು. ಅದರ ಜೋಡಿ ಎಂದೋ ಕಳೆದುಹೋಗಿತ್ತಂತೆ. "ತಗೊಂಡ ಹೋಗ್ರಿ, ರೊಕ್ಕ ಬ್ಯಾಡ" ಎಂದರು. ಕಾಕಾನ ಮುಖ ಅರಳಿತು. ನಾವು ಹೊಸ್ತಿಲು ದಾಟುತ್ತಿದ್ದಂತೆ ಬಾಗಿಲು ಧಡಾರನೆ ಬಡಿದು ಅಂಗಡಿಯವರು ಒಳಗೇ ಉಳಿದರು!

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಕಂಡ. "ಯಜಮಾನ್ರ, ಕಬ್ಬಿಣಕ್ಕ ಲಗೇಜ್ ಟಿಕೀಟ್ ತಗಸಬೇಕ್ರಿ."

"ಇದು ಲಗೇಜ್ ಅಲ್ಲಪಾ, ವ್ಯಾಯಾಮ."

"ಕೆಳಗ ಇಟ್ರ ಲಗೇಜ್ರಿ."

"ಹಂಗಾರ ಕೆಳಗ ಇಡೂದ ಇಲ್ಲ, ಹೋಗ!" ಎಂದು ಕಾಕಾ ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದ. ನರಗುಂದದಿಂದ ರೋಣದ ತನಕ! ಪ್ರತಿ ಗುಂಡಿಗೂ ಡಂಬೆಲ್ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಪ್ರತಿ ಸಲವೂ ಮುಂದಿನ ಸೀಟಿನವರು ತಲೆ ತಗ್ಗಿಸುತ್ತಿದ್ದರು. ರೋಣ ಬಂದಾಗ ಕಾಕಾನ ಬೆರಳು ಬಿಚ್ಚಲೊಲ್ಲವು. ಕೊನೆಗೆ ಆ ಕಂಡಕ್ಟರನೇ ಒಂದೊಂದಾಗಿ ಬೆರಳು ಬಿಡಿಸಿ, ಡಂಬೆಲ್ಲನ್ನು ತಾನೇ ಹೊತ್ತು ಕೆಳಗಿಳಿಸಿಕೊಟ್ಟ.

ಮನೆಯಲ್ಲಿ ಸಾಧನೆ ಶುರುವಾಯಿತು. ಆದದ್ದೇನು? ಎಡಗೈ ಬಾತುಕೊಂಡಿತು. ಮಗ್ಗದಲ್ಲಿ ಕೂತರೆ ಎಳೆ ಬಿಗಿ ಬರಲೊಲ್ಲದು. "ಸಪ್ಪಳಾ ಕೇಳಿದ್ರ ಗೊತ್ತಾಕೈತ್ರಿ, ಅಂಚು ಸಡಲ ಬೀಳಾಕತ್ತೈತಿ" ಎಂದು ಕಾಕು ಮಲಗಿದಲ್ಲಿಂದಲೇ ಅನ್ನುತ್ತಿದ್ದಳು. ನನಗಂತೂ ಆಸೆ ಹೋಗಿತ್ತು. ಮುದುಕನ ಕೈ ಗಟ್ಟಿಯಾಗುವುದೆಂದರೇನು, ಆಕೆ ಹೊರಗೆ ಬರುವುದೆಂದರೇನು! ಇಬ್ಬರೂ ಹೀಗೇ ಒಳಗೇ ಮುಗಿದುಹೋಗುತ್ತಾರೆ ಅನ್ನಿಸಿ ಎಷ್ಟೋ ಸಂಜೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಕಾಕು ಬೇರೆ ಎರಡು ತುತ್ತಿಗೇ "ಸಾಕವ್ವಾ" ಎಂದು ಬಾಯಿ ಮುಚ್ಚುತ್ತಿದ್ದಳು. ಹೊರಗೆ ಬಾರದ ಜೀವಕ್ಕೆ ಹಸಿವೆ ಎಲ್ಲಿಯದು?

ಆಗ ಕಾಕಾನ ತಲೆಯಲ್ಲಿ ಇನ್ನೊಂದು ಹೊಳೆಯಿತು. ದವಾಖಾನೆಯಿಂದ ಬಂದ ದಿನ ಕಾಕು ಎಷ್ಟು ತೂಗಿದ್ದಳೋ ಅಷ್ಟೇ ತೂಕದ ಜೋಳ ಚೀಲಕ್ಕೆ ತುಂಬಿಸಿದ. ಚೀಲ ಕೈಯಿಂದ ಜಾರುವುದೆಂದು ಅದಕ್ಕೆ ಕಾಕುವಿನ ಹಳೆಯ ಸೀರೆಯನ್ನೇ ಸುತ್ತಿದ. ದಿನವೂ ಸಂಜೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ಪಡಸಾಲೆ ದಾಟಿ, ಕಟ್ಟೆಯ ಮೇಲೆ ಕೂಡಿಸಿ, ಮತ್ತೆ ಎತ್ತಿ ತರುವುದು. ಮೊದಲ ದಿನ ಹೊಸ್ತಿಲಲ್ಲಿ ಎಡವಿ ಚೀಲ ಒಡೆದು ಓಣಿಯ ಕೋಳಿಗಳಿಗೆಲ್ಲ ಹಬ್ಬವಾಯಿತು. ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು, "ಏನ್ರಿ ಕಾಕಾರ, ಎರಡನೇ ಸಂಸಾರ ಹೂಡೀರಿ?" ಎಂದು ಕೇಳಿದರು. ಕಾಕು ಒಳಗಿನಿಂದ ಅರ್ಧ ಬಾಯಲ್ಲಿ ನಗುತ್ತ ಒದರಿದಳು: "ಸೆರಗು ನೆಲಾ ಬಳಿಯಾಕತ್ತೈತ್ರಿ, ಆಕಿನ್ನ ಸರಿಯಾಗಿ ಹಿಡ್ಕೊರಿ!"

ಲಕ್ವಾ ಹೊಡೆದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಕಾಕಾನಿಗೆ ಅಷ್ಟು ಸಾಕಾಯಿತು. ಬೇಸಿಗೆ ಹೋಯಿತು, ಮಳೆ ಬಂತು. ಚೀಲ ಎತ್ತಿದಾಗಿನ ಏದುಸಿರು ಮೆಲ್ಲಗೆ ಕಡಿಮೆಯಾಯಿತು. ಎಡವುವುದು ನಿಂತಿತು.

ಒಂದು ಸಂಜೆ ನಾನು ಶಾಲೆಯಿಂದ ಬರುತ್ತಲೇ ಕಾಕಾ, "ಯವ್ವಾ, ಕಟ್ಟಿ ಮ್ಯಾಲ ಚಾದರ ಹಾಸು" ಎಂದ. ಕಾಕುವಿಗೆ ತಲೆ ಬಾಚಿ ಕುಂಕುಮ ಹಚ್ಚಿದೆ. ಆಕೆ ಹೆದರಿ ಕಣ್ಣು ಮುಚ್ಚಿಕೊಂಡಳು. ಕಾಕಾ ಧೋತರ ಬಿಗಿದು ಕಟ್ಟಿ, ಎಡಗೈ ಆಕೆಯ ಹೆಗಲಡಿಗೆ, ಬಲಗೈ ಮೊಣಕಾಲಡಿಗೆ ತೂರಿಸಿ, ಹಲ್ಲು ಕಚ್ಚಿ, ಚೀಲಕ್ಕೆ ಹಾಕುತ್ತಿದ್ದ ಅಷ್ಟೂ ಬಲ ಹಾಕಿ ಎತ್ತಿದ.

ಕಾಕು ಸರ್ರನೆ ಮೇಲೆ ಬಂದುಬಿಟ್ಟಳು! ಕಾಕಾ ಹಿಂದಕ್ಕೆ ವಾಲಿ ಬೀಳುವವನು ಹೇಗೋ ನಿಂತ. ಆತನ ಮುಖ ನೋಡಿದೆ. ಅಲ್ಲಿ ಗೆಲುವಿರಲಿಲ್ಲ. ಕೈಯಲ್ಲಿದ್ದ ಹೆಂಡತಿಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ ತೂಗಿ ನೋಡಿದ. ಆತ ಚೀಲ ಎತ್ತುತ್ತ ಎತ್ತುತ್ತ ಇದ್ದ ಅಷ್ಟೂ ತಿಂಗಳು ಆಕೆ ಕರಗುತ್ತ ಕರಗುತ್ತ ಇದ್ದಳು. ಈಗ ಆ ಚೀಲದ ಅರ್ಧವೂ ಇರಲಿಲ್ಲವೇನೋ.

ಕಾಕು ಕಣ್ಣು ತೆರೆದಳು. "ಅಯ್ಯ! ಹೂವು ಎತ್ತಿಧಂಗ ಎತ್ತಿದ್ರಿ ನೋಡ್ರಿ! ಎಷ್ಟ ಗಟ್ಟಿ ಆಗೀರಿ ನೀವು!"

"ಹೂಂ" ಎಂದ ಕಾಕಾ. "ಭಾಳ ಗಟ್ಟಿ ಆಗೇನಿ."

ಕಟ್ಟೆಯ ಮೇಲೆ ಕೂಡಿಸಿದ. ಓಣಿಯೆಲ್ಲ ಕೂಡಿತು. ಕಾಕು ಗಂಡನ ತೋಳು ಮುಟ್ಟಿ ಮುಟ್ಟಿ ಎಲ್ಲರಿಗೂ ತೋರಿಸಿದಳು. ಆಕೆ ಮಾತಿಗೆ ಹತ್ತಿದ್ದನ್ನು ನೋಡಿ ಕಾಕಾ ಒಳಗೆ ಬಂದ. ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಸೀರೆ ಬಿಚ್ಚಿ ಮಡಚಿಟ್ಟ, ಬಾಯಿಯ ಹುರಿ ಹರಿದ. ಬೊಗಸೆ ತುಂಬ ಜೋಳ ತೆಗೆದು ನಾನು ಹಿಡಿದ ಮೊರಕ್ಕೆ ಸುರಿದ. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಇದನ್ನ ಗಿರಣ್ಯಾಗ ಒಡಸಿಕೊಂಡ ಬಾ ಯವ್ವಾ. ಮೆತ್ತಗ ನುಚ್ಚು ಮಾಡಿ, ಮಜ್ಜಿಗಿ ಹಾಕಿ, ಎಷ್ಟ ಹೊತ್ತರೇ ಆಗ್ಲಿ, ಕುಂತು ಉಣಸು. ಇಷ್ಟೂ ಜ್ವಾಳ ಆಕಿ ಹೊಟ್ಟಿಗೆ ಹೋಗಬೇಕು. ಎಷ್ಟ ವಜ್ಜಿ ಆಗ್ತಾಳೋ ಆಗ್ಲಿ. ಎತ್ತತೀನಿ ನಾ."