ನಿಜ್ವಾ ಕ್ಷೇತ್ರದ ತೀರ್ಪುಗಾರ್ತಿ

ನಾಲ್ಕು ಜನ ಕನ್ನಡಿಗರು ಸೇರಿದಲ್ಲಿ ಒಂದು ಕೂಟ, ಕೂಟ ಇದ್ದಲ್ಲಿ ಒಂದು ತಕರಾರು. ಮಸ್ಕತ್ ಆದರೇನು, ತಪ್ಪಿದ್ದಲ್ಲ ಮಾರಾಯ್ರೆ. ನಮ್ಮ ಕೂಟಕ್ಕೆ ಕಾರ್ಯದರ್ಶಿಯಾದ ಮೇಲೆ ನಾನು ಊಟ ಮಾಡಿದ್ದಕ್ಕಿಂತ ಊಟದ ಪಂಚಾತಿಗೆ ಮಾಡಿದ್ದೇ ಹೆಚ್ಚು.

೧. ಹಲ್ಲಿನ ತಕರಾರು

ವರ್ಷಕ್ಕೊಮ್ಮೆ ನಮ್ಮಲ್ಲಿ ಅಡುಗೆ ಸ್ಪರ್ಧೆ. ಮೂವರು ತೀರ್ಪುಗಾರರನ್ನು ಸದಸ್ಯರೇ ವೋಟು ಹಾಕಿ ಆರಿಸುವುದು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ನಮ್ಮವರ ಮನೆ ಜಾಸ್ತಿ, ಹಾಗಾಗಿ ಮೂವರೂ ಅಲ್ಲಿಯವರೇ. ಒಂದೇ ಕಾರಿನಲ್ಲಿ ಬರುವುದು, ಬಹುಮಾನವನ್ನು ಅವರ ಬೀದಿಗೇ ಕೊಟ್ಟು ಹೋಗುವುದು.

ಒಳನಾಡಿನ ನಿಜ್ವಾ ಪಟ್ಟಣದಿಂದ ಬರುವ ಅಕ್ಕ ವಿಜಯಪುರ ಕಡೆಯವರು. ಪ್ರತಿ ವರ್ಷ ರೊಟ್ಟಿ, ಎಣಗಾಯಿ ಕಟ್ಟಿಕೊಂಡು ಅಷ್ಟು ದೂರ ಕಾರು ಓಡಿಸಿಕೊಂಡು ಬರುತ್ತಿದ್ದರು, ಸೋತು ಹೋಗುತ್ತಿದ್ದರು. ಒಮ್ಮೆಯಾದರೂ ಕಪ್ ನಿಜ್ವಾಕ್ಕೆ ಹೋಗಬೇಕು ಎಂಬುದೊಂದೇ ಅವರ ಹಠ. ಕಳೆದ ವರ್ಷ ತೀರ್ಪುಗಾರರೊಬ್ಬರು ರೊಟ್ಟಿ ಮುರಿದು, "ಒಣಗಿ ಹೋಗಿದೆ ಮೇಡಂ" ಅಂದರು.

"ಖಡಕ್ ರೊಟ್ಟಿ ಖಡಕ್ಕೇ ಇರೋದ್ರಿ ಸರ. ನಿಮ್ಮ ಹಲ್ಲೇ ಮೆತ್ತಗಾಗ್ಯಾವ!"

೨. ಕಾಕನ ಭರವಸೆ

ಮುಂದಿನ ಸಭೆಯಲ್ಲಿ ಅಕ್ಕ ಪಟ್ಟು ಹಿಡಿದರು: "ಒಂದೊಂದು ಏರಿಯಾಕ್ಕ ಒಬ್ರು ಜಡ್ಜ್ ಬೇಕು. ಆಯಾ ಏರಿಯಾದವರೇ ಆರಿಸ್ಲಿ." ಎಲ್ಲರೂ ಒಪ್ಪಿದರು. ಮದೀನತ್, ವಾದಿ ಕಬೀರ್, ನಿಜ್ವಾ, ಹೀಗೆ ಮೂರು ಕ್ಷೇತ್ರ.

ವಾದಿ ಕಬೀರ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಬ್ಯಾರಿ ಕಾಕ ನಿಂತರು. "ನನ್ನನ್ನು ಗೆಲ್ಲಿಸಿ, ಎಲ್ಲರಿಗೂ ಫುಲ್ ಮಾರ್ಕ್ಸ್!" ಎಂದು ಭಾಷಣ.

"ಎಲ್ಲರಿಗೂ ಫುಲ್ ಆದರೆ ಜಡ್ಜ್ ಎಂತಕ್ಕೆ ಕಾಕ?" ಎಂದೆ.

"ತಿನ್ನಲಿಕ್ಕೆ ಒಬ್ಬ ಜನ ಬೇಕಲ್ಲ ಮಾರಾಯ! ಖಲಾಸ್, ವೋಟು ಹಾಕು."

೩. ಅವಿರೋಧ ಆಯ್ಕೆ

ನಿಜ್ವಾದಲ್ಲಿ ನಮ್ಮ ಸದಸ್ಯರ ಮನೆ ಎರಡೇ. ಒಂದು ಮನೆಯವರು ರಜೆಗೆ ಊರಿಗೆ ಹೋಗಿದ್ದರು. ಉಳಿದವರು ಅಕ್ಕ ಮತ್ತು ಆಸ್ಪತ್ರೆಯಲ್ಲಿ ಟೆಕ್ನಿಶಿಯನ್ ಆಗಿರುವ ಅವರ ಯಜಮಾನರು. ಯಜಮಾನರು ಅಕ್ಕನ ಹೆಸರು ಸೂಚಿಸಿದರು, ಅಕ್ಕ ತಾವೇ ಅನುಮೋದಿಸಿದರು. ಕೂಡಲೇ ನನಗೆ ಫೋನ್: "ಆರಿಸಿ ಬಂದೀನ್ರಿ! ಇನ್ನ ಕಪ್ ನಮ್ದ!"

"ಅಕ್ಕಾ, ಜಡ್ಜ್ ಆದವರು ಸ್ಪರ್ಧೆಗೆ ಇಳಿಯುವಂತಿಲ್ಲ."

ಅಕ್ಕ ಹಠ ಬಿಡಲಿಲ್ಲ, "ಇರ್ಲಿ ಬಿಡ್ರಿ. ನಮ್ಮ ಮನಿಯವ್ರು ಮಾಡ್ತಾರ."

ಹಿಂದಿನಿಂದ ಯಜಮಾನರ ಕೂಗು: "ಯಾರು, ನಾನಾ? ನನಗ ಚಾ ಮಾಡಾಕೂ ಬರೂದಿಲ್ಲ!"

೪. ತೀರ್ಪು

ಅಲ್ಲಿಂದ ಯಜಮಾನರಿಗೆ ದಿನಾ ಟ್ರೇನಿಂಗ್. ಡ್ಯೂಟಿ ಮುಗಿಸಿ ಬಂದವರೇ ಬದನೆಕಾಯಿ ಸೀಳಬೇಕು.

ಸ್ಪರ್ಧೆಯ ದಿನ ತಟ್ಟೆಗಳ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಕಾಕ ಕೊಟ್ಟ ಮಾತಿನಂತೆ ಎಲ್ಲರಿಗೂ ಫುಲ್ ಮಾರ್ಕ್ಸ್ ಹಾಕಿ ಇನ್ನೊಂದು ಸಲ ಬಡಿಸಿಕೊಂಡರು. ಮದೀನತ್‌ನ ಜಡ್ಜ್ ಒಂದು ತಟ್ಟೆಯ ಎಣಗಾಯಿ ತಿಂದು, "ವಾಹ್! ಇದಪ್ಪಾ ಅಡುಗೆ!" ಎಂದು ಅದೊಂದಕ್ಕೇ ಫುಲ್ ಕೊಟ್ಟರು. ಅಕ್ಕ ಅದೇ ತಟ್ಟೆಯಿಂದ ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಬಾಯಿ ಒರೆಸಿ ಸೊನ್ನೆ ಹಾಕಿದರು. ಕಪ್ ಮತ್ತೆ ಮದೀನತ್ ಪಾಲಾಯಿತು.

ಯಾವ ನಂಬರ್ ಯಾರದ್ದು ಎಂದು ಓದಿದಾಗ ಇಡೀ ಹಾಲ್ "ಅಯ್ಯಯ್ಯೋ" ಅಂದಿತು. ಸೊನ್ನೆ ಬಿದ್ದದ್ದು ಅಕ್ಕನ ಯಜಮಾನರ ತಟ್ಟೆಗೆ! ನಾನು ಓಡಿದೆ. "ಅಕ್ಕಾ, ಯಾರದ್ದು ಅಂತ ಗೊತ್ತಾಗಲಿಲ್ಲವಾ?"

"ಮೊದಲನೇ ತುತ್ತಿಗೇ ಗೊತ್ತಾತ್ರಿ. ನನಗಿಂತ ಚಲೋ ಮಾಡ್ಯಾರ."

"ಮತ್ತೆ ಸೊನ್ನೆ ಯಾಕೆ?"

ಅಕ್ಕ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಇವತ್ತ ಗೆದ್ರ, ನಾಳಿಂದ ನನ್ನ ಅಡಗಿಗೆ ಇವ್ರೇ ಜಡ್ಜ್ ಆಗ್ತಾರ್ರಿ!"